ಯಾರಿಗೆ ಕಾಣುತ್ತಿಲ್ಲ? ಹಳೇ ಕಂಪ್ಯೂಟರಿನ ಸಿಡಿ ಡ್ರೈವ್ ಕಲಿಸಿದ ಪಾಠಗಳು

ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಂಥ ಹೋಬಳಿ ಊರಿನಲ್ಲಿ ಕಂಪ್ಯೂಟರ್ ರಿಪೇರಿಗೆ ಕೂತವನ ಮೇಜಿಗೆ ಹೊಸ ಯಂತ್ರ ಬರುವುದು ಅಪರೂಪ. ಶಾಲೆಯ ಲ್ಯಾಬಿನಿಂದ ಹೊರಬಿದ್ದದ್ದು, ತುಮಕೂರಿನ ಯಾವುದೋ ಡಿಟಿಪಿ ಅಂಗಡಿ ಮುಚ್ಚುವಾಗ ಅಗ್ಗಕ್ಕೆ ಕೊಂಡದ್ದು, ಬೆಂಗಳೂರಿನ ಮಗ ತಾನು ಹೊಸದು ತಗೊಂಡು ಹಳೆಯದನ್ನು ಅಪ್ಪನಿಗೆ ಕಳಿಸಿದ್ದು, ಹೆಚ್ಚಾಗಿ ಇಂಥವೇ. ಅವುಗಳ ಜೊತೆ ಬರುವ ದೂರುಗಳಲ್ಲಿ ಸಿಡಿ ಡ್ರೈವಿನ ದೂರನ್ನು ನಾನು ಉಳಿದೆಲ್ಲಕ್ಕಿಂತ ಮುಂಚೆ ಕೈಗೆತ್ತಿಕೊಳ್ಳುತ್ತೇನೆ. ಡ್ರೈವ್ ಸರಿಮಾಡಿ ಎಂದು ಬಂದವರ ಚೀಲದಲ್ಲಿ ಒಂದು ಡಿಸ್ಕ್ ಇದ್ದೇ ಇರುತ್ತದೆ. ಮಗಳ ಮದುವೆಯ ಡಿವಿಡಿ, ಊರಹಬ್ಬದಲ್ಲಿ ರಾತ್ರಿಯಿಡೀ ಆಡಿದ ಕುರುಕ್ಷೇತ್ರ ನಾಟಕ, ತುಮಕೂರಿನಲ್ಲಿ ಮಾಡಿಸಿದ ಎಂಆರ್‌ಐ ಸ್ಕ್ಯಾನು, ತೀರಿಹೋದ ಅಜ್ಜಿ ಹಾಡಿದ್ದ ಸೋಬಾನೆ ಪದ. ಅದಕ್ಕೆ ಎರಡನೇ ಪ್ರತಿ ಎಲ್ಲಿಯೂ ಇರುವುದಿಲ್ಲ. ಯಂತ್ರ ಹೋದರೆ ಇನ್ನೊಂದು ಬರುತ್ತದೆ, ಅಜ್ಜಿಯ ದನಿ ಬರುವುದಿಲ್ಲ.

"ಸಿಡಿ ಹಾಕಿದ್ರೆ ಏನೂ ಬರಾಕಿಲ್ಲ ಕಣಣ್ಣ" ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಜಾತಿಯ ಹಲವು ದೋಷಗಳಿರುತ್ತವೆ. ಅವನ್ನು ಬಿಡಿಸಿಕೊಳ್ಳಲು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಸ್ಕ್ರೂಡ್ರೈವರ್ ಹಿಡಿಯಲು ಹೆದರದ ಯಾರಿಗಾದರೂ ಇದು ಸಾಲಬೇಕು.

1. ಡ್ರೈವ್ ಯಾರಿಗೆ ಕಾಣುತ್ತಿಲ್ಲ ಎಂದು ಮೊದಲು ಕೇಳಿಕೊಳ್ಳಿ

ಡ್ರೈವನ್ನು ಗುರುತಿಸಬೇಕಾದವರು ಒಬ್ಬರಲ್ಲ. ಸ್ವಿಚ್ ಹಾಕಿದ ಕೂಡಲೇ ಏಳುವ ಬಯೋಸ್ ಅದನ್ನು ನೋಡಬೇಕು. ಆಮೇಲೆ ವಿಂಡೋಸ್ ನೋಡಬೇಕು. ಕೊನೆಗೆ ಡ್ರೈವ್ ತನ್ನೊಳಗೆ ಹಾಕಿದ ಡಿಸ್ಕನ್ನು ನೋಡಬೇಕು. ಈ ಮೂವರಲ್ಲಿ ಯಾರ ಹತ್ತಿರ ದಾರಿ ಕಡಿದಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಬಯೋಸಿಗೇ ಕಾಣದಿದ್ದರೆ ತೊಂದರೆ ಕರೆಂಟು, ಕೇಬಲ್, ಜಂಪರ್, ಬಯೋಸ್ ಸೆಟ್ಟಿಂಗು ಇವುಗಳಲ್ಲಿ ಒಂದರದ್ದು, ಇಲ್ಲವೇ ಡ್ರೈವೇ ಸತ್ತಿದೆ. ಆಗ ವಿಂಡೋಸನ್ನು ಮತ್ತೆ ಹಾಕುವುದು ಕಾಲಹರಣ. ಬಯೋಸಿಗೆ ಕಂಡು, ಮೈ ಕಂಪ್ಯೂಟರಿನಲ್ಲಿ ಚಿತ್ರ ಇಲ್ಲದಿದ್ದರೆ ವಿಂಡೋಸಿನದೇ ಗೋಜಲು; ಕ್ಯಾಬಿನೆಟ್ ಬಿಚ್ಚುವ ಅಗತ್ಯವಿಲ್ಲ. ಚಿತ್ರ ಇದೆ, ಕ್ಲಿಕ್ ಮಾಡಿದರೆ "ಡಿಸ್ಕ್ ಹಾಕಿ" ಎನ್ನುತ್ತದೆ ಎಂದಾದರೆ ಲೆನ್ಸ್ ಅಥವಾ ಡಿಸ್ಕಿನ ದೋಷ. ಈ ವಿಂಗಡಣೆ ಮಾಡದೆ ಕೈಗೆ ಸಿಕ್ಕಿದ್ದನ್ನೆಲ್ಲ ಬದಲಾಯಿಸುತ್ತಾ ಹೋದವರ ಯಂತ್ರಗಳು ನನ್ನಲ್ಲಿಗೆ ಬಂದಾಗ ಮೂಲದ ಒಂದು ತೊಂದರೆಯ ಜೊತೆ ಮತ್ತೆರಡು ಸೇರಿರುತ್ತವೆ.

2. ಕರೆಂಟನ್ನು ಬೇರೆಯಾಗಿ ಪರೀಕ್ಷಿಸಿ

ಯಂತ್ರ ಆರಿಸಿ, ಡ್ರೈವಿನ ಡೇಟಾ ಕೇಬಲ್ ಕಳಚಿ, ಕರೆಂಟ್ ಕನೆಕ್ಟರ್ ಮಾತ್ರ ಬಿಡಿ. ಈಗ ಆನ್ ಮಾಡಿ ಗುಂಡಿ ಒತ್ತಿ. ಟ್ರೇ ಹೊರಗೆ ಬಂದು ಒಳಗೆ ಹೋದರೆ ಡ್ರೈವಿಗೆ ಜೀವ ಇದೆ. ಡೇಟಾ ಕೇಬಲ್ ಸಿಕ್ಕಿಸಿದ ಮೇಲೆ ಅದೇ ಗುಂಡಿ ಸತ್ತಂತಾದರೆ ದೋಷ ಕೇಬಲಿನ ಕಡೆಗೆ. ಕೇಬಲನ್ನು ಹಾಕುವುದು, ತೆಗೆಯುವುದು ಯಾವಾಗಲೂ ಯಂತ್ರ ಆರಿಸಿದ ಮೇಲೆಯೇ.

ಹಳೇ ಡ್ರೈವಿನ ದಪ್ಪ ನಾಲ್ಕು ತಂತಿಯ ಕನೆಕ್ಟರಿನಲ್ಲಿ ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಎರಡೂ ಗ್ರೌಂಡ್. 5 ವೋಲ್ಟ್ ಎಲೆಕ್ಟ್ರಾನಿಕ್ಸ್ ಭಾಗಕ್ಕೆ ಹೋಗುತ್ತದೆ. ಡಿಸ್ಕ್ ತಿರುಗಿಸುವ ಮೋಟಾರಿನ ಬಲ 12 ವೋಲ್ಟಿನದು. ಎಟಿಎಕ್ಸ್ ಎಂಬ ಪವರ್ ಸಪ್ಲೈ ಮಾನದಂಡದ ಲೆಕ್ಕದಲ್ಲಿ ಎರಡಕ್ಕೂ ಶೇಕಡಾ 5ರ ಹೆಚ್ಚುಕಮ್ಮಿ ನಡೆಯುತ್ತದೆ. ಅಂದರೆ ಮಲ್ಟಿಮೀಟರಿನಲ್ಲಿ ಹಳದಿ 11.4ಕ್ಕಿಂತ, ಕೆಂಪು 4.75ಕ್ಕಿಂತ ಕೆಳಗಿಳಿಯಬಾರದು. ಕೆಂಪು ಸರಿಯಿದ್ದು ಹಳದಿ ಕುಗ್ಗಿದರೆ ಬಹಳ ದಾರಿ ತಪ್ಪಿಸುವ ಲಕ್ಷಣ ಬರುತ್ತದೆ: ಬಯೋಸಿನಲ್ಲಿ ಡ್ರೈವಿನ ಹೆಸರು ಚೆನ್ನಾಗಿ ಬರುತ್ತದೆ, ಡಿಸ್ಕ್ ಹಾಕಿದ ಕೂಡಲೇ ಡ್ರೈವ್ ಮಾಯವಾಗುತ್ತದೆ ಅಥವಾ ಯಂತ್ರವೇ ರೀಸ್ಟಾರ್ಟ್ ಆಗುತ್ತದೆ. ಹಾಗಾಗಿ ಡಿಸ್ಕ್ ತಿರುಗಲು ಹೊರಟ ಕ್ಷಣದಲ್ಲಿ ಮೀಟರ್ ನೋಡಬೇಕು. ಸುಮ್ಮನಿದ್ದಾಗ ಸಿಗುವ ಅಳತೆಗೆ ಬೆಲೆಯಿಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖ ಇದೆ. ತೋಟಗಳಿಗೆ ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಸುತ್ತಲಿನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಎದ್ದರೆ ಮನೆಯ ವೋಲ್ಟೇಜು ಕುಸಿಯುತ್ತದೆ. ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಒಳ್ಳೆಯದಿದ್ದರೆ ಅದನ್ನು ತಡೆದುಕೊಳ್ಳುತ್ತದೆ. ಹತ್ತು ಹದಿನೈದು ವರ್ಷ ಹಳೆಯದು, ಒಳಗಿನ ಕೆಪ್ಯಾಸಿಟರುಗಳ ತಲೆ ಉಬ್ಬಿರುವಂಥದ್ದು ತಡೆಯುವುದಿಲ್ಲ. "ಬೆಳಿಗ್ಗೆ ಓದ್ತದೆ, ಸಾಯಂಕಾಲ ಓದಲ್ಲ" ಎಂದು ಯಾರಾದರೂ ಹೇಳಿದರೆ ಅವರ ಮಾತನ್ನು ನಂಬಿ. ಡ್ರೈವ್ ಬದಲಾಯಿಸುವ ಮುಂಚೆ ಎಸ್‌ಎಂಪಿಎಸ್ ಬದಲಾಯಿಸಿ ನೋಡಿ.

ಇನ್ನೊಂದು ಸಣ್ಣ ಸಂಗತಿ. ಆ ನಾಲ್ಕು ತಂತಿಯ ಕನೆಕ್ಟರಿನೊಳಗಿನ ಲೋಹದ ಕೊಳವೆ ಒತ್ತಿ ಒತ್ತಿ ಹಿಂದಕ್ಕೆ ಸರಿದಿರುತ್ತದೆ, ಅಥವಾ ಬಾಯಿ ಅಗಲಿಸಿಕೊಂಡಿರುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿಯಾಗಿ ಕೂತಂತೆಯೇ ಇರುತ್ತದೆ. ಹಿಂದಿನಿಂದ ತಂತಿಯನ್ನು ಒಂದೊಂದಾಗಿ ಮೆಲ್ಲಗೆ ತಳ್ಳಿ ನೋಡಿದರೆ ಗೊತ್ತಾಗುತ್ತದೆ.

3. ಪಟ್ಟಿ ಕೇಬಲ್ ಮತ್ತು ಜಂಪರಿನ ನಿಯಮ ಬಾಯಿಪಾಠವಾಗಲಿ

ಸಪೂರ ಸಾಟಾ ಕೇಬಲ್ ಬರುವ ಮುಂಚಿನ, ಅಗಲ ಪಟ್ಟಿ ಕೇಬಲಿನ ಐಡಿಇ ಕಾಲದ ಯಂತ್ರಗಳಲ್ಲಿ "ಡ್ರೈವ್ ಕಾಣುತ್ತಿಲ್ಲ" ಎಂಬುದಕ್ಕೆ ಹೆಚ್ಚಿನ ಕಾರಣ ಇಲ್ಲೇ ಸಿಗುತ್ತದೆ.

ಒಂದು ಪಟ್ಟಿ ಕೇಬಲಿಗೆ ಎರಡು ಸಾಧನ ಹಾಕಬಹುದು, ಒಂದು ಮಾಸ್ಟರ್, ಇನ್ನೊಂದು ಸ್ಲೇವ್. ಡ್ರೈವಿನ ಹಿಂಭಾಗದ ಪುಟ್ಟ ಜಂಪರ್ ಅದನ್ನು ಹೇಳುತ್ತದೆ. ಹಾರ್ಡ್ ಡಿಸ್ಕೂ ಸಿಡಿ ಡ್ರೈವೂ ಒಂದೇ ಕೇಬಲಿನಲ್ಲಿದ್ದು ಎರಡೂ ಮಾಸ್ಟರ್ ಎಂದುಕೊಂಡರೆ ಒಂದೇ ಹೊಲಕ್ಕೆ ಇಬ್ಬರ ಹೆಸರಿನಲ್ಲಿ ಪಹಣಿ ಬಂದಂತೆ: ಒಬ್ಬರು ಕಾಣುವುದಿಲ್ಲ, ಕೆಲವೊಮ್ಮೆ ಇಬ್ಬರೂ ಕಾಣುವುದಿಲ್ಲ. ನನ್ನ ಪದ್ಧತಿ ಸರಳ. ಹಾರ್ಡ್ ಡಿಸ್ಕ್ ಪ್ರೈಮರಿ ಕೇಬಲಿಗೆ ಮಾಸ್ಟರ್, ಸಿಡಿ ಡ್ರೈವ್ ಸೆಕೆಂಡರಿ ಕೇಬಲಿಗೆ ಮಾಸ್ಟರ್. ಎರಡನ್ನೂ ಬೇರೆ ಇಟ್ಟರೆ ಜಗಳವೇ ಇಲ್ಲ. ಒಂದೇ ಕೇಬಲ್ ಇದ್ದಾಗ ಮಾತ್ರ ಸಿಡಿ ಡ್ರೈವನ್ನು ಸ್ಲೇವ್ ಮಾಡಿ. ಕೆಲವು ಹಾರ್ಡ್ ಡಿಸ್ಕುಗಳಲ್ಲಿ "ಒಂಟಿ" ಮತ್ತು "ಸ್ಲೇವ್ ಜೊತೆಗಿರುವ ಮಾಸ್ಟರ್" ಎಂದು ಬೇರೆ ಬೇರೆ ಜಂಪರ್ ಜಾಗ ಇರುತ್ತದೆ. ಅದನ್ನು ಡಿಸ್ಕಿನ ಮೇಲಿನ ಲೇಬಲ್ ಓದಿಯೇ ಹಾಕಬೇಕು.

ಕೇಬಲ್ ಸೆಲೆಕ್ಟ್ ಎಂಬ ಮೂರನೇ ಜಾಗವೂ ಇದೆ. ಅದಕ್ಕೆ 80 ತಂತಿಯ ಸಣ್ಣಗೆರೆ ಕೇಬಲ್ ಬೇಕು. ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿಯಲ್ಲಿರುವುದು ಮಾಸ್ಟರ್, ನಡುವಿನ ಬೂದು ಸ್ಲೇವ್. ಹಳೇ 40 ತಂತಿಯ ಕೇಬಲಿನಲ್ಲಿ ಕೇಬಲ್ ಸೆಲೆಕ್ಟನ್ನು ನೆಚ್ಚಬೇಡಿ. ಎರಡು ಬಗೆಯ ಕೇಬಲಿನಲ್ಲೂ ಪಿನ್ನುಗಳ ಲೆಕ್ಕ ಒಂದೇ ಆಗಿರುವುದರಿಂದ ತಂತಿಗಳ ಸಪೂರ ನೋಡಿ ಬೇರ್ಪಡಿಸಬೇಕು.

ಕೆಂಪು ಅಂಚು ಒಂದನೇ ಪಿನ್ನಿನ ಕಡೆಗೆ. ಡ್ರೈವಿನಲ್ಲಿ ಅದು ಹೆಚ್ಚಾಗಿ ಕರೆಂಟ್ ಕನೆಕ್ಟರಿನ ಪಕ್ಕ. ತಿರುವುಮುರುವಾಗಿ ಹಾಕಬಾರದೆಂದು 20ನೇ ಪಿನ್ನಿನ ಜಾಗ ಖಾಲಿ ಬಿಟ್ಟಿರುತ್ತಾರೆ. ಹಳೇ ಅಗ್ಗದ ಕೇಬಲುಗಳಲ್ಲಿ ಆ ತೂತು ಮುಚ್ಚಿರುವುದಿಲ್ಲ. ಬಲವಂತ ಮಾಡಿ ಒತ್ತಿದರೆ ಪಿನ್ ಬಗ್ಗುತ್ತದೆ. ಬಗ್ಗಿದ ಪಿನ್ನನ್ನು ಇಕ್ಕಳದಲ್ಲಿ ಎಳೆಯಬೇಡಿ, ಮುರಿಯುತ್ತದೆ. ಸೀಸ ತೆಗೆದ ಕ್ಲಿಕ್ ಪೆನ್ಸಿಲ್ಲಿನ ಲೋಹದ ತುದಿಯನ್ನು ಪಿನ್ನಿನ ಮೇಲೆ ತೂರಿಸಿ ನಿಧಾನಕ್ಕೆ ನೆಟ್ಟಗೆ ಮಾಡಿ.

ಕೇಬಲಿನ ಉದ್ದವೂ ಮುಖ್ಯ. ಐಡಿಇಗೆ 18 ಅಂಗುಲ, ಅಂದರೆ ಸುಮಾರು 45 ಸೆಂಟಿಮೀಟರ್, ಅದರ ಮೇಲೆ ಇರಕೂಡದು. ಇಲಿ ಕಡಿದ ಕೇಬಲನ್ನು ಟೇಪು ಸುತ್ತಿ ಬಳಸುವುದೂ ಬೇಡ. ನಮ್ಮ ಕಡೆ ಕ್ಯಾಬಿನೆಟ್ಟಿನ ಮುಂದಿನ ಮುಚ್ಚಳ ಒಂದು ಬಿದ್ದುಹೋದರೆ ಸಾಕು, ಹಲ್ಲಿಗಳು ಮೊಟ್ಟೆ ಇಡುತ್ತವೆ, ಇಲಿ ಹೊಗುತ್ತದೆ, ತೆಂಗಿನ ನಾರೂ ಕೆಮ್ಮಣ್ಣಿನ ಧೂಳೂ ತುಂಬುತ್ತವೆ. ಬಿಚ್ಚಿದ ಯಂತ್ರವನ್ನು ಒಮ್ಮೆ ಬ್ಲೋವರಿನಲ್ಲಿ ಊದಿ, ಮುಚ್ಚಳದ ತೂತಿಗೆ ರಟ್ಟಾದರೂ ಹಾಕಿ ಕಳಿಸುವುದು ನನ್ನ ಅಭ್ಯಾಸ.

ಸಾಟಾ ಯಂತ್ರಗಳಲ್ಲಿ ಈ ಪಾಡಿಲ್ಲ: ಒಂದು ಕೇಬಲಿಗೆ ಒಂದೇ ಡ್ರೈವ್, ಜಂಪರ್ ಇಲ್ಲ. ಆದರೆ ಕ್ಲಿಪ್ ಇಲ್ಲದ ಹಳೇ ಸಾಟಾ ಕೇಬಲ್ ಯಂತ್ರವನ್ನು ಬೈಕಿನಲ್ಲಿ ತರುವಾಗಲೇ ಸಡಿಲವಾಗುತ್ತದೆ. ಕೇಬಲ್ ಮತ್ತು ಮದರ್‌ಬೋರ್ಡಿನ ಪೋರ್ಟ್ ಎರಡನ್ನೂ ಬದಲಿಸಿ ನೋಡದೆ ತೀರ್ಪು ಕೊಡಬೇಡಿ.

4. ಬಯೋಸಿಗೆ ಹೋಗುವ ಮುಂಚೆ ತಾರೀಖು ನೋಡಿ

ಯಂತ್ರದ ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಓಡಿಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದಿದೆ. ಅದು 3 ವೋಲ್ಟಿನ ಬಿಲ್ಲೆ. ಅದು ಸತ್ತಾಗ ತಾರೀಖಿನ ಜೊತೆ ಬಯೋಸಿನ ಸೆಟ್ಟಿಂಗುಗಳೂ ಅಳಿಸಿ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ನೀವು ಇವತ್ತು ಸರಿಮಾಡಿದ್ದು ನಾಳೆ ಮತ್ತೆ ಕೆಡುತ್ತದೆ. ಮೊದಲು ಸೆಲ್ ಬದಲಾಯಿಸಿ.

ಆಮೇಲೆ ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋಗಿ. ಹಳೇ ಬಯೋಸಿನಲ್ಲಿ "ಸ್ಟ್ಯಾಂಡರ್ಡ್ ಸಿಮಾಸ್" ಪುಟದಲ್ಲಿ ನಾಲ್ಕು ಸ್ಥಾನ ಇರುತ್ತವೆ. ಸೆಕೆಂಡರಿ ಮಾಸ್ಟರ್ ಮುಂದೆ "ನನ್" ಎಂದಿದ್ದರೆ "ಆಟೋ" ಮಾಡಿ. "ಇಂಟಿಗ್ರೇಟೆಡ್ ಪೆರಿಫೆರಲ್ಸ್" ಪುಟದಲ್ಲಿ ಆ ಚಾನೆಲ್ಲೇ ಡಿಸೇಬಲ್ ಆಗಿದೆಯೇ ನೋಡಿ. ಶಾಲೆ, ಕಚೇರಿಗಳಿಂದ ಬಂದ ಯಂತ್ರಗಳಲ್ಲಿ ಮಕ್ಕಳು ಹೊರಗಿನ ಸಿಡಿ ಹಾಕಬಾರದೆಂದು ಡ್ರೈವನ್ನು ಬಯೋಸಿನಲ್ಲೇ ಮುಚ್ಚಿಟ್ಟಿರುವುದುಂಟು. ಅದು ರೋಗವಲ್ಲ, ಹಾಕಿದ ಬೀಗ.

2006ರ ಆಚೆಯ ಮದರ್‌ಬೋರ್ಡುಗಳ ಬಗ್ಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಆ ವರ್ಷ ಬಂದ ಐಸಿಎಚ್8 ಚಿಪ್ಪಿನಿಂದ ಇಂಟೆಲ್ ಐಡಿಇಯನ್ನು ಕೈಬಿಟ್ಟಿತು. ಆದರೂ ಬೋರ್ಡ್ ತಯಾರಕರು ಬೇರೊಂದು ಪುಟ್ಟ ಚಿಪ್ ಹಾಕಿ ಒಂದು ಐಡಿಇ ಪೋರ್ಟ್ ಉಳಿಸಿಕೊಂಡರು. ಅಂಥ ಬೋರ್ಡಿನಲ್ಲಿ ಆ ಪೋರ್ಟಿಗೆ ಬಯೋಸಿನಲ್ಲಿ ಬೇರೆ ಸ್ವಿಚ್ ಇರುತ್ತದೆ, ವಿಂಡೋಸಿನಲ್ಲಿ ಬೇರೆ ಡ್ರೈವರ್ ಬೇಕು. ಕೇಬಲ್, ಜಂಪರ್, ಡ್ರೈವ್ ಎಲ್ಲಾ ಸರಿಯಿದ್ದೂ ಕಾಣದಿದ್ದರೆ ಪೋರ್ಟಿನ ಪಕ್ಕದ ಆ ಚಿಪ್ಪಿನ ಹೆಸರು ಓದಿ.

ಬಯೋಸಿನಲ್ಲಿ ಏನನ್ನಾದರೂ ಮುಟ್ಟುವ ಮುಂಚೆ ಪ್ರತಿ ಪುಟದ ಫೋಟೊ ತೆಗೆದಿಡಿ. ಸಾಟಾ ಮೋಡನ್ನು ಐಡಿಇಯಿಂದ ಎಎಚ್‌ಸಿಐಗೆ ಸುಮ್ಮನೆ ಬದಲಿಸಿದರೆ, ಅದರ ಡ್ರೈವರ್ ಇಲ್ಲದ ವಿಂಡೋಸ್ ಎಕ್ಸ್‌ಪಿ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಸಿಡಿ ಡ್ರೈವ್ ಹುಡುಕಲು ಹೋಗಿ ಇಡೀ ಯಂತ್ರ ನಿಂತಂತಾಗಬಾರದು.

5. ವಿಂಡೋಸನ್ನು ಬೈಯುವ ಮುಂಚೆ ಲಿನಕ್ಸಿಗೆ ಕೇಳಿ

ಬಯೋಸಿಗೆ ಡ್ರೈವ್ ಕಾಣುತ್ತಿದೆ, ವಿಂಡೋಸಿಗೆ ಕಾಣುತ್ತಿಲ್ಲ. ಈ ಹಂತದಲ್ಲಿ ಪೆನ್‌ಡ್ರೈವಿನಿಂದ ಒಂದು ಲಿನಕ್ಸ್ ಬೂಟ್ ಮಾಡಿ. ಅಲ್ಲಿ ಎಸ್‌ಆರ್0 ಎಂಬ ಸಾಧನ ಕಂಡು, ಡಿಸ್ಕ್ ತೆರೆದರೆ ಯಂತ್ರಾಂಗವೆಲ್ಲ ಚೊಕ್ಕ ಎಂದು ಸಾಬೀತಾಯಿತು. ಇನ್ನು ವಿಂಡೋಸನ್ನು ಮಾತ್ರ ನೋಡಿಕೊಂಡರೆ ಸಾಕು.

ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಮೇಲೆ ಹಳದಿ ಗುರುತು, ಒಳಗೆ ಕೋಡ್ 19, 31, 32, 39 ಅಥವಾ 41 ಎಂದಿದ್ದರೆ ಕಾರಣ ಹೆಚ್ಚಾಗಿ ಒಂದೇ. ಹಿಂದೆ ಹಾಕಿ ತೆಗೆದ ಸಿಡಿ ಬರೆಯುವ ತಂತ್ರಾಂಶ ರಿಜಿಸ್ಟ್ರಿಯಲ್ಲಿ ತನ್ನ ಕೊಕ್ಕೆ ಬಿಟ್ಟುಹೋಗಿರುತ್ತದೆ. ರೆಜೆಡಿಟ್ ತೆರೆದು, ಲೋಕಲ್ ಮಷೀನಿನ ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್ ಎಂಬ ದಾರಿಯಲ್ಲಿ ಹೋಗಿ. ಅಲ್ಲಿ 4ಡಿ36ಇ965 ಎಂದು ಶುರುವಾಗುವ ಉದ್ದ ಹೆಸರಿನ ಫೋಲ್ಡರ್ ಸಿಡಿ ಡ್ರೈವುಗಳದ್ದು. ಬಲಗಡೆ "ಅಪ್ಪರ್ ಫಿಲ್ಟರ್ಸ್" ಮತ್ತು "ಲೋಯರ್ ಫಿಲ್ಟರ್ಸ್" ಎಂಬ ನಮೂದುಗಳಿದ್ದರೆ ಆ ಫೋಲ್ಡರನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಅವೆರಡನ್ನೂ ಅಳಿಸಿ, ರೀಸ್ಟಾರ್ಟ್ ಮಾಡಿ. ಅಕ್ಕಪಕ್ಕದ ಫೋಲ್ಡರುಗಳಲ್ಲೂ ಅದೇ ಹೆಸರಿನ ನಮೂದುಗಳಿರುತ್ತವೆ. ಹಾರ್ಡ್ ಡಿಸ್ಕಿನದನ್ನೋ ಕೀಬೋರ್ಡಿನದನ್ನೋ ಅಳಿಸಿದರೆ ಬೇರೆ ಕಥೆಯಾಗುತ್ತದೆ. ಹೆಸರನ್ನು ಎರಡು ಸಲ ಓದಿ. ಹೀಗೆ ಮಾಡಿದ ಮೇಲೆ ಸಿಡಿ ಬರೆಯುವ ತಂತ್ರಾಂಶವನ್ನು ಮತ್ತೆ ಹಾಕಬೇಕಾಗಬಹುದು.

ಹಳೇ ಯಂತ್ರಕ್ಕೆ ವಿಂಡೋಸ್ 10 ಹಾಕಿದ ಮೇಲೆ ಡ್ರೈವ್ ಮಾಯವಾದರೆ ಇನ್ನೊಂದು ಮದ್ದಿದೆ. ಅದೇ ರಿಜಿಸ್ಟ್ರಿಯ ಸರ್ವಿಸಸ್ ಒಳಗೆ "ಎಟಾಪಿ", ಅದರೊಳಗೆ "ಕಂಟ್ರೋಲರ್0" ಎಂಬ ಕೀ ಮಾಡಿ, "ಎನಮ್ ಡಿವೈಸ್1" ಎಂಬ ಡಿವರ್ಡ್ ನಮೂದಿಗೆ 1 ಕೊಡಬೇಕು. ನಮೂದಿನ ಹೆಸರುಗಳನ್ನು ಇಂಗ್ಲಿಷಿನಲ್ಲಿ ನಡುವೆ ಜಾಗ ಬಿಡದೆ ಬರೆಯಬೇಕು.

ಡ್ರೈವ್ ಕಾಣುತ್ತದೆ, ಆದರೆ ಹಾಡು ತಡವರಿಸುತ್ತದೆ, ಸಿನಿಮಾ ನಿಂತು ನಿಂತು ಓಡುತ್ತದೆ ಎಂಬುದು ಎಕ್ಸ್‌ಪಿಯ ಹಳೇ ದೂರು. ಕೊಳೆ ಹಿಡಿದ ಡಿಸ್ಕ್ ಅಥವಾ ಕೆಟ್ಟ ಕೇಬಲಿನಿಂದ ಒಟ್ಟು ಆರು ದೋಷ ಎಣಿಕೆಯಾದರೆ ಎಕ್ಸ್‌ಪಿ ಆ ಚಾನೆಲ್ಲನ್ನು ವೇಗದ ಡಿಎಂಎಯಿಂದ ಹಂತ ಹಂತವಾಗಿ ಇಳಿಸಿ ಕೊನೆಗೆ ನಿಧಾನದ ಪಿಐಓಗೆ ತರುತ್ತದೆ, ಮತ್ತೆ ತಾನಾಗಿ ಏರಿಸುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಸೆಕೆಂಡರಿ ಐಡಿಇ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ಸರಿಹೋಗುತ್ತದೆ. ಕೇಬಲ್ ಬದಲಿಸದಿದ್ದರೆ ಮತ್ತೆ ಇಳಿಯುತ್ತದೆ.

6. ವಿಂಡೋಸ್ 98 ಇನ್ನೂ ಬದುಕಿರುವ ಕಡೆ

ಒಂದೊಂದು ಸಲ ಅದೂ ಬರುತ್ತದೆ. ಡಾಸ್ ಪರದೆಯಲ್ಲಿ ಸಿಡಿ ಡ್ರೈವ್ ಬೇಕಾದರೆ ಎರಡು ಫೈಲು ಜೊತೆಯಾಗಬೇಕು: ಕಾನ್ಫಿಗ್.ಸಿಸ್‌ನಲ್ಲಿ ಓಕ್‌ಸಿಡಿರಾಮ್.ಸಿಸ್, ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಎಂಎಸ್‌ಸಿಡಿಇಎಕ್ಸ್. ಎರಡೂ ಸಾಲಿನಲ್ಲಿ ಡ್ರೈವಿಗೆ ಕೊಟ್ಟ ಹೆಸರು, ಸಾಮಾನ್ಯವಾಗಿ ಎಂಎಸ್‌ಸಿಡಿ001, ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ವಿಂಡೋಸ್ 98ರ ಸ್ಟಾರ್ಟಪ್ ಫ್ಲಾಪಿಯಲ್ಲಿ ಇವು ಸಿದ್ಧವಾಗಿಯೇ ಇವೆ. ಸಿಡಿಯಿಂದ ಬೂಟ್ ಆಗುವ ಎಲ್ ಟೊರಿಟೊ ಪದ್ಧತಿ ಬಂದದ್ದೇ 1995ರಲ್ಲಿ; ಅದಕ್ಕೂ ಹಳೆಯ ಬೋರ್ಡುಗಳಲ್ಲಿ ಡ್ರೈವ್ ಸರಿಯಿದ್ದರೂ ಸಿಡಿಯಿಂದ ಬೂಟ್ ಆಗದು. ಅಂಥಲ್ಲಿ ಫ್ಲಾಪಿಯೇ ದಾರಿ.

7. ಮೂರು ಡಿಸ್ಕ್ ಇಟ್ಟುಕೊಂಡು ಲೆನ್ಸನ್ನು ಪರೀಕ್ಷಿಸಿ

ಡ್ರೈವ್ ಎಲ್ಲರಿಗೂ ಕಂಡಿತು, ಅದಕ್ಕೆ ಮಾತ್ರ ಡಿಸ್ಕ್ ಕಾಣುತ್ತಿಲ್ಲ. ಇಲ್ಲಿ ನನ್ನ ಪರೀಕ್ಷೆಗೆ ಮೂರು ಡಿಸ್ಕ್ ಸಾಕು: ಕಂಪನಿ ಅಚ್ಚು ಹಾಕಿದ ಒಂದು ಹಾಡಿನ ಸಿಡಿ, ಅಚ್ಚಿನದೇ ಒಂದು ಸಿನಿಮಾ ಡಿವಿಡಿ, ಕಂಪ್ಯೂಟರಿನಲ್ಲಿ ಬರೆದ ಒಂದು ಸಿಡಿ. ಮೋಸರ್ ಬೇರ್ ಅಗ್ಗದ ದರಕ್ಕೆ ಮಾರುತ್ತಿದ್ದ ಸಿನಿಮಾ ಡಿಸ್ಕುಗಳು ಎಷ್ಟೋ ಮನೆಗಳಲ್ಲಿ ಈಗಲೂ ಇವೆ, ಪರೀಕ್ಷೆಗೆ ಬಹಳ ಒಳ್ಳೆಯವು.

ಡಿವಿಡಿ ಡ್ರೈವಿನೊಳಗೆ ಎರಡು ಬಗೆಯ ಲೇಸರ್ ಇರುತ್ತದೆ. ಸಿಡಿಗೆ 780 ನ್ಯಾನೋಮೀಟರಿನದು, ಡಿವಿಡಿಗೆ 650ರದು. ಒಂದು ಸತ್ತು ಇನ್ನೊಂದು ಬದುಕಿರಬಹುದು. ಸಿನಿಮಾ ಡಿವಿಡಿ ಸೊಗಸಾಗಿ ಓಡುತ್ತದೆ, ಒಂದು ಸಿಡಿಯನ್ನೂ ಓದುವುದಿಲ್ಲ ಎಂದರೆ ಸಿಡಿ ಲೇಸರ್ ಮುಗಿದಿದೆ. ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಅಚ್ಚಿನ ಸಿಡಿ ಬೆಳಕನ್ನು ಶೇಕಡಾ 70ರಷ್ಟು ಹಿಂದಕ್ಕೆ ಹೊಳೆಸುತ್ತದೆ, ಮನೆಯಲ್ಲಿ ಬರೆದ ಸಿಡಿ ಅದಕ್ಕಿಂತ ಸ್ವಲ್ಪ ಕಡಿಮೆ, ಮತ್ತೆ ಮತ್ತೆ ಬರೆಯುವ ಸಿಡಿ-ಆರ್‌ಡಬ್ಲ್ಯೂ ಬರೀ 15ರಿಂದ 25ರಷ್ಟು. ಲೇಸರಿಗೆ ವಯಸ್ಸಾದಾಗ ಮೊದಲು ಕೈಕೊಡುವುದು ಆರ್‌ಡಬ್ಲ್ಯೂ, ಆಮೇಲೆ ಬರೆದ ಸಿಡಿ, ಕೊನೆಗೆ ಅಚ್ಚಿನದು. ಸಿನಿಮಾ ಓಡುತ್ತದೆ, ಮದುವೆ ಸಿಡಿ ಮಾತ್ರ ಓಡುತ್ತಿಲ್ಲ ಎಂದಾಗ ಜನ ಸ್ಟುಡಿಯೊದವರನ್ನು ದೂರುತ್ತಾರೆ. ಬಹಳ ಸಲ ಸ್ಟುಡಿಯೊದವರ ತಪ್ಪಿರುವುದಿಲ್ಲ.

ಲೆನ್ಸ್ ಒರೆಸುವುದಕ್ಕೆ ಐಸೋಪ್ರೊಪೈಲ್ ಆಲ್ಕೊಹಾಲ್ ಹನಿಸಿದ ಹತ್ತಿಯ ಕಡ್ಡಿ ಸಾಕು. ಒತ್ತಬಾರದು, ಆ ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ. ಬಾಯಲ್ಲಿ ಊದಬೇಡಿ, ಎಂಜಲು ಸಿಡಿಯುತ್ತದೆ. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ, ಅದರೊಳಗಿನ ಜಿಗುಟು ಲೆನ್ಸಿನ ಮೇಲೆ ಪೊರೆಯಾಗಿ ಉಳಿಯುತ್ತದೆ. ಡ್ರೈವಿಗೆ ಕರೆಂಟ್ ಇರುವಾಗ ಮುಚ್ಚಳ ತೆಗೆದು ಲೆನ್ಸಿನೊಳಗೆ ಇಣುಕಬೇಡಿ. ಸಿಡಿಯ ಲೇಸರ್ ಹೆಚ್ಚುಕಮ್ಮಿ ಕಣ್ಣಿಗೆ ಕಾಣದು, ಕಣ್ಣಿಗೆ ಕೆಡುಕು ಮಾತ್ರ ಮಾಡಬಲ್ಲದು. ರೈಟರ್ ಡ್ರೈವಿನಲ್ಲಿ ಅದು ಇನ್ನೂ ಪ್ರಬಲ.

ವಿದೇಶದಲ್ಲಿರುವ ನೆಂಟರು ತಂದ ಸಿನಿಮಾ ಡಿವಿಡಿ ಮಾತ್ರ ಓಡದಿದ್ದರೆ ಅದು ರೀಜನ್ ಬೀಗ. ಭಾರತದ್ದು ರೀಜನ್ 5. ಡ್ರೈವಿನ ರೀಜನನ್ನು ಐದು ಸಲ ಮಾತ್ರ ಬದಲಿಸಬಹುದು, ಆಮೇಲೆ ಕೊನೆಯದೇ ಖಾಯಂ.

8. ಟ್ರೇ ಬಾರದಿದ್ದರೆ ಬೆಲ್ಟ್ ನೋಡಿ

ಗುಂಡಿ ಒತ್ತಿದರೆ ಒಳಗೆ ಗುರ್ ಎನ್ನುತ್ತದೆ, ಟ್ರೇ ಬರುವುದಿಲ್ಲ. ಒಳಗಿನ ರಬ್ಬರ್ ಬೆಲ್ಟ್ ಸಡಿಲಗೊಂಡಿದೆ ಅಥವಾ ಗಟ್ಟಿಯಾಗಿದೆ. ಯಂತ್ರ ಆರಿಸಿ, ಮುಂದಿನ ಸೂಜಿತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ತೂರಿಸಿ ಒತ್ತಿದರೆ ಟ್ರೇ ಹೊರಬರುತ್ತದೆ, ಡಿಸ್ಕ್ ಉಳಿಯುತ್ತದೆ. ಬೆಲ್ಟನ್ನು ಸತ್ತ ಇನ್ನೊಂದು ಡ್ರೈವಿನಿಂದ ತೆಗೆದು ಹಾಕಬಹುದು. ಸತ್ತ ಡ್ರೈವನ್ನು ಗುಜರಿಗೆ ಹಾಕುವ ಮುಂಚೆ ಬೆಲ್ಟ್, ಜಂಪರ್, ಸ್ಕ್ರೂ ಮೂರನ್ನೂ ತೆಗೆದಿಡಿ. ಆ ಸಣ್ಣ ಸ್ಕ್ರೂಗಳಿಗೆ ಹೋಬಳಿಯಲ್ಲಿ ಬಹಳ ಬರ.

9. ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿ ಡ್ರೈವ್

ಲ್ಯಾಪ್‌ಟಾಪಿನ ತೆಳು ಡ್ರೈವ್ 12.7 ಮಿಲಿಮೀಟರ್ ಅಥವಾ 9.5 ಮಿಲಿಮೀಟರ್ ದಪ್ಪ ಇರುತ್ತದೆ. ಕೊಳ್ಳುವ ಮುಂಚೆ ಅಳೆಯಿರಿ. ತಳದ ಒಂದೇ ಸ್ಕ್ರೂ ಅದನ್ನು ಹಿಡಿದಿರುತ್ತದೆ; ಆ ಸ್ಕ್ರೂ ಕಳೆದುಹೋದರೆ ಡ್ರೈವ್ ಒಂದಿಷ್ಟು ಹೊರಗೆ ಸರಿದು ಸಂಪರ್ಕ ತಪ್ಪುತ್ತದೆ. ಒಳಕ್ಕೆ ಒತ್ತಿದರೆ ಸಾಕು, ದುಬಾರಿ ರಿಪೇರಿ ಬೇಡ.

ಹೊರಗಿನ ಯುಎಸ್‌ಬಿ ಡ್ರೈವಿನ ಮುಖ್ಯ ತೊಂದರೆ ಕರೆಂಟು. ಯುಎಸ್‌ಬಿ 2.0ರ ಒಂದು ಪೋರ್ಟ್ ಕೊಡುವ ಲೆಕ್ಕ 500 ಮಿಲಿ ಆಂಪಿಯರ್. ಡಿಸ್ಕ್ ತಿರುಗಲು ಶುರುವಾದಾಗ ಡ್ರೈವ್ ಅದಕ್ಕಿಂತ ಹೆಚ್ಚು ಕೇಳುತ್ತದೆ. ಕಂಡು ಮಾಯವಾಗುವ ಡ್ರೈವಿಗೆ ಎರಡು ತಲೆಯ ಕೇಬಲ್ ಹಾಕಿ ಎರಡು ಪೋರ್ಟಿನಿಂದ ಕರೆಂಟ್ ಕೊಡಿ. ಡೆಸ್ಕ್‌ಟಾಪಿನಲ್ಲಿ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ; ಮುಂದಿನ ಪೋರ್ಟಿಗೆ ಒಳಗಿಂದ ಬರುವ ತೆಳು ತಂತಿ ಸಾಲುವುದಿಲ್ಲ.

10. ಎಲ್ಲಿ ನಿಲ್ಲಿಸಬೇಕು

ಇನ್ನೊಂದು ಯಂತ್ರಕ್ಕೆ ಹಾಕಿದರೂ ಬಯೋಸಿಗೆ ಕಾಣದ ಡ್ರೈವ್ ಸತ್ತಿದೆ. ಒಳಗಿನ ಬೋರ್ಡನ್ನು ಬೆಸುಗೆ ಹಾಕಿ ಉಳಿಸುವುದಕ್ಕೆ ತಗಲುವ ಶ್ರಮ ಗಿರಾಕಿಗೆ ನ್ಯಾಯವಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಚ್ಚಿದ ಯಂತ್ರಗಳ ಸಾಟಾ ಡ್ರೈವುಗಳು ಸಿಗುತ್ತವೆ. ಐಡಿಇಯವು ಕಡಿಮೆಯಾಗುತ್ತಾ ಬಂದಿವೆ. ಹಾಗಾಗಿ ಚೆನ್ನಾಗಿ ಓದುವ ಐಡಿಇ ಡ್ರೈವ್ ಕೈಗೆ ಬಂದರೆ ಎತ್ತಿಡುತ್ತೇನೆ. ಗಿರಾಕಿಗೆ ಬೇಕಾಗಿರುವುದು ಡಿಸ್ಕಿನೊಳಗಿನದು ಮಾತ್ರ ಎಂದಾದರೆ ಅವರ ಯಂತ್ರ ಬಿಚ್ಚುವುದೇ ಇಲ್ಲ. ನನ್ನ ಡ್ರೈವಿನಲ್ಲಿ ಓದಿ ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ಅವರ ಖರ್ಚು ಉಳಿಯುತ್ತದೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು: "ಅಮ್ಮ, ನಿಮಗೆ ಕಂಪ್ಯೂಟ್ರು ಸರಿ ಆಗ್ಬೇಕೋ, ಮದುವೆ ವಿಡಿಯೊ ಬೇಕೋ?"

11. ಓದಿದ ಕೂಡಲೇ ಕಾಪಿ, ನೋಡುವುದು ಆಮೇಲೆ

ಡ್ರೈವ್ ಸರಿಹೋಗಿ ಪರದೆಯ ಮೇಲೆ ಚಿತ್ರ ಮೂಡಿದ ಕೂಡಲೇ ಮನೆಮಂದಿ ಸುತ್ತ ನೆರೆಯುತ್ತಾರೆ. ನಾನು ಪ್ಲೇಯರ್ ಮುಚ್ಚಿ ಮೊದಲು ಕಾಪಿಗೆ ಕೂರುತ್ತೇನೆ. ಹಳೇ ಡಿಸ್ಕೂ ಹಳೇ ಲೇಸರೂ ಎಷ್ಟು ಹೊತ್ತು ಜೊತೆ ನಡೆಯುತ್ತವೆಂದು ಹೇಳಲಾಗದು.

ಸಿಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಪದರ ಇರುವುದು ಹೆಸರು ಬರೆಯುವ ಮೇಲಿನ ಮುಖದ ಅಡಿಯಲ್ಲೇ, ತೆಳು ಲೇಪದ ಕೆಳಗೆ. ಎಲ್ಲರೂ ಕೆಳಗಿನ ಹೊಳೆಯುವ ಮುಖವನ್ನು ಕಾಪಾಡಿ, ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದಿರುತ್ತಾರೆ. ಆ ಗೀರು ವಾಸಿಯಾಗದು. ಕೆಳಗಿನ ಮುಖದ ಸಣ್ಣ ಗೀರನ್ನು ಡ್ರೈವ್ ಎಷ್ಟೋ ಸಲ ದಾಟಿಕೊಳ್ಳುತ್ತದೆ. ಡಿವಿಡಿಯಲ್ಲಿ ಪದರ ಎರಡು 0.6 ಮಿಲಿಮೀಟರ್ ತಟ್ಟೆಗಳ ನಡುವೆ ಇರುವುದರಿಂದ ಮೇಲಿನ ಗೀರು ಅಷ್ಟು ಕಾಡುವುದಿಲ್ಲ. ಬರೆದ ಡಿಸ್ಕುಗಳ ಬಣ್ಣ ಬಿಸಿಲಿಗೆ ಮಾಸುತ್ತದೆ. ಕಿಟಕಿಯ ಪಕ್ಕ, ಟಿವಿಯ ಮೇಲೆ ಇಟ್ಟವು ಬೇಗ ಹೋಗುತ್ತವೆ. ಬೀರುವಿನೊಳಗೆ ಸೀರೆಗಳ ನಡುವೆ ಇಟ್ಟವು ನನ್ನ ಕೈಗೆ ಚೆನ್ನಾಗಿ ಬಂದಿವೆ.

ಅಲ್ಲಲ್ಲಿ ಮುಗ್ಗರಿಸುವ ಡೇಟಾ ಸಿಡಿ, ಡಿವಿಡಿಗಳಿಗೆ ಲಿನಕ್ಸಿನ ಡಿಡಿರೆಸ್ಕ್ಯೂ ನನ್ನ ನಂಬಿಕೆಯ ಉಪಕರಣ. ಓದಲು ಬಂದದ್ದನ್ನು ಮೊದಲು ತೆಗೆದುಕೊಂಡು, ಬಾರದ ತುಂಡುಗಳ ಪಟ್ಟಿಯನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಅದೇ ಡಿಸ್ಕನ್ನು ಇನ್ನೊಂದು ಡ್ರೈವಿಗೆ ಹಾಕಿ ಅದೇ ಪಟ್ಟಿ ಕೊಟ್ಟರೆ ಉಳಿದ ತುಂಡುಗಳಿಗೆ ಮಾತ್ರ ಪ್ರಯತ್ನಿಸುತ್ತದೆ. ಒಂದು ಡ್ರೈವಿಗೆ ಕಾಣದ ತುಂಡು ಇನ್ನೊಂದಕ್ಕೆ ಕಾಣುವುದು ಬಹಳ ಸಾಮಾನ್ಯ. ಎತ್ತಿಟ್ಟ ಹಳೇ ಡ್ರೈವುಗಳೆಲ್ಲ ಆಗ ಒಟ್ಟಿಗೆ ಕೆಲಸಕ್ಕೆ ಬರುತ್ತವೆ.

ವಿಸಿಡಿಗೆ ಈ ಉಪಾಯ ನಡೆಯದು. ಅದರ ವಿಡಿಯೊ ತುಂಡುಗಳ ಅಳತೆಯೇ ಬೇರೆ. ವಿಂಡೋಸಿನಲ್ಲಿ "ಎಂಪಿಇಜಿಎವಿ" ಫೋಲ್ಡರಿನ ಡ್ಯಾಟ್ ಫೈಲನ್ನು ಕಾಪಿ ಮಾಡಿ ವಿಎಲ್‌ಸಿಯಲ್ಲಿ ನೋಡಿ. ಫೋನಿಗೆ ಹಾಕುವುದಾದರೆ ಎಂಪಿ4ಗೆ ಬದಲಿಸಿ. ಡಿವಿಡಿಯಾದರೆ "ವಿಡಿಯೊ_ಟಿಎಸ್" ಫೋಲ್ಡರನ್ನು ಇಡಿಯಾಗಿ ತೆಗೆದುಕೊಳ್ಳಿ. ರಾತ್ರಿಯಿಡೀ ನಡೆದ ಕುರುಕ್ಷೇತ್ರ ಹಲವು ಡಿಸ್ಕುಗಳಲ್ಲಿರುತ್ತದೆ, ಒಳಗಿನ ಫೈಲುಗಳ ಹೆಸರು ಎಲ್ಲದರಲ್ಲೂ ಒಂದೇ. ಒಂದರ ಮೇಲೊಂದು ಬಿದ್ದು ಅಳಿಸಿಹೋಗದಂತೆ ಡಿಸ್ಕಿಗೊಂದು ಫೋಲ್ಡರ್ ಮಾಡಿ.

ಹಳೇ ಸಿಡಿಯ ಕನ್ನಡ ಕಡತ ತೆರೆದಾಗ ಅಕ್ಷರಗಳು ಇಂಗ್ಲಿಷ್ ಕಲಸುಮೇಲೋಗರವಾಗಿ ಕಂಡರೆ ಡಿಸ್ಕ್ ಕೆಟ್ಟಿದೆ ಎಂದು ಬಿಸಾಡಬೇಡಿ. ಅದು ಯುನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದದ್ದು. ಆ ಫಾಂಟ್ ಹಾಕಿದರೆ ಓದಲು ಬರುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿಯ ಜೊತೆ ಬರುವ ಪರಿವರ್ತಕದಲ್ಲಿ ಯುನಿಕೋಡಿಗೆ ಬದಲಿಸಿಕೊಡಿ.

ಸ್ಕ್ಯಾನಿನ ಸಿಡಿಗೆ ಬೇರೆ ಎಚ್ಚರಿಕೆ ಬೇಕು. ಅದರಲ್ಲಿ ಡೈಕಾಮ್‌ಡಿರ್ ಎಂಬ ಫೈಲು, ಹೆಸರೇ ಅರ್ಥವಾಗದ ನೂರಾರು ಚಿತ್ರದ ಫೈಲುಗಳು, ನೋಡುವ ತಂತ್ರಾಂಶ ಎಲ್ಲಾ ಒಂದಕ್ಕೊಂದು ಕೊಂಡಿಯಾಗಿರುತ್ತವೆ. ನಾಲ್ಕು ಚಿತ್ರ ಆರಿಸಿ ಜೆಪೆಗ್ ಮಾಡಿ ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಡಾಕ್ಟರಿಗೆ ಅಳತೆ ತೆಗೆಯಲು ಬರುವುದಿಲ್ಲ. ಇಡೀ ಡಿಸ್ಕನ್ನು ಇದ್ದ ಹಾಗೆಯೇ ಪೆನ್‌ಡ್ರೈವಿಗೆ ಇಳಿಸಿ, ಇನ್ನೊಂದು ಕಂಪ್ಯೂಟರಿನಲ್ಲಿ ಅದು ತೆರೆಯುತ್ತದೆಯೇ ಎಂದು ನೋಡಿ, ರೋಗಿಯ ಹೆಸರೂ ತಾರೀಖೂ ಪರದೆಯಲ್ಲಿ ಸರಿಯಾಗಿ ಬಂದ ಮೇಲೆಯೇ ಕೊಟ್ಟು ಕಳಿಸಿ.